ಕ್ಯೂಆರ್ ಕೋಡ್ ಎಷ್ಟು ದೊಡ್ಡದಿರಬೇಕು? ಸ್ಕೇಲು ಹಿಡಿಯುವ ಮುಂಚೆ ಮನೆ ಎಣಿಸಿ

“ಕ್ಯೂಆರ್ ಕೋಡ್ 2 ಸೆಂ.ಮೀ. ಸಾಕಾ, 3 ಇಡೋದಾ?” ವಿಸಿಟಿಂಗ್ ಕಾರ್ಡ್ ಮಾಡಿಸುವವರು ಇದನ್ನು ಕೇಳುತ್ತಾರೆ, ಪೋಸ್ಟರ್ ವಿನ್ಯಾಸ ಮಾಡುವವರು ಕೇಳುತ್ತಾರೆ, ನಾಳೆ ಬೆಳಿಗ್ಗೆ ಭಾಷಣ ಇರುವವರು ರಾತ್ರಿ ಹನ್ನೊಂದಕ್ಕೆ ಸ್ಲೈಡ್ ಮುಂದೆ ಕೂತು ಕೇಳುತ್ತಾರೆ. ಎಲ್ಲರಿಗೂ ಸಿಗುವ ಸಿದ್ಧ ಉತ್ತರ ಒಂದೇ: “ಕನಿಷ್ಠ 2 ಸೆಂ.ಮೀ. ಇಟ್ಟುಬಿಡಿ.” ಅದು ತಪ್ಪಲ್ಲ, ಆದರೆ ಅರ್ಧ ಉತ್ತರ. ಸರಿಯಾಗಿ 2 ಸೆಂ.ಮೀ. ಅಳತೆಯ ಎರಡು ಕೋಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಫೋನ್ ಎತ್ತುವಷ್ಟರಲ್ಲಿ ತೆರೆದುಕೊಂಡಿರುತ್ತದೆ. ಇನ್ನೊಂದರ ಮುಂದೆ ಫೋನನ್ನು ಹಿಂದೆ ಮುಂದೆ ಆಡಿಸಿ ಕೈ ನೋಯಿಸಿಕೊಳ್ಳಬೇಕು.

ನನಗೆ ಇದು ಅರ್ಥವಾದದ್ದು ಕೈ ಸುಟ್ಟುಕೊಂಡ ಮೇಲೆ. ಒಮ್ಮೆ ನನ್ನ ಕಾರ್ಡಿನಲ್ಲಿ ಹೆಸರು, ಫೋನ್, ಇಮೇಲ್, ಕನ್ನಡದಲ್ಲೇ ಪೂರ್ತಿ ವಿಳಾಸ, ಎಲ್ಲವನ್ನೂ ಒಂದೇ ಕೋಡಿನೊಳಗೆ ತುಂಬಿದ್ದೆ. ಒಟ್ಟು 300 ಬೈಟ್‌ನಷ್ಟು ಮಾಹಿತಿ, 1.8 ಸೆಂ.ಮೀ. ಜಾಗ. ಕಂಪ್ಯೂಟರಿನಲ್ಲಿ ಪ್ರೂಫ್ ಹಿಗ್ಗಿಸಿ ಸ್ಕ್ಯಾನ್ ಮಾಡಿದಾಗ ಚೆನ್ನಾಗಿಯೇ ಬಂತು. 500 ಕಾರ್ಡು ಅಚ್ಚಾಗಿ ಬಂದ ಮೇಲೆ ನನ್ನ ಫೋನಿನಲ್ಲಿ ಮೂರು ಸಲಕ್ಕೆ ಒಂದು ಸಲ ಓದಿತು, ಬೇರೆಯವರ ಫೋನಿನಲ್ಲಿ ಅದೂ ಇಲ್ಲ. ಕಾರ್ಡು ತೆಗೆದುಕೊಂಡವರೆಲ್ಲ ಎರಡು ಸಲ ಪ್ರಯತ್ನಿಸಿ, ಬಹಳ ವಿನಯದಿಂದ “ಆಮೇಲೆ ಮಾಡ್ಕೋತೀನಿ ಬಿಡಿ” ಎಂದು ಜೇಬಿಗೆ ಹಾಕಿಕೊಂಡರು. ಆಮೇಲೆ ಯಾರೂ ಮಾಡಿಕೊಳ್ಳಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಅಂದು ಎಡವಿದ್ದು ಸೆಂಟಿಮೀಟರಿನಲ್ಲಲ್ಲ, ಮನೆಯಲ್ಲಿ.

ಮನೆ ಎಂದರೆ

ಕ್ಯೂಆರ್ ಕೋಡನ್ನು ಹತ್ತಿರದಿಂದ ನೋಡಿದರೆ ಚದುರಂಗದ ಹಾಸಿನ ಹಾಗೆ ಕಪ್ಪು-ಬಿಳಿ ಚೌಕಗಳು ಕಾಣುತ್ತವೆ. ಒಂದೊಂದು ಚೌಕವನ್ನೂ ಪರಿಭಾಷೆಯಲ್ಲಿ ಮಾಡ್ಯೂಲ್ ಎನ್ನುತ್ತಾರೆ; ನಾನು ಇಲ್ಲಿ ಮನೆ ಎಂದೇ ಕರೆಯುತ್ತೇನೆ. ಅತಿ ಚಿಕ್ಕ ಕೋಡ್, ಅಂದರೆ 1ನೇ ಆವೃತ್ತಿ, ಅಡ್ಡಕ್ಕೆ 21 ಮನೆ, ಉದ್ದಕ್ಕೆ 21 ಮನೆ. ಮುಂದಿನ ಪ್ರತಿ ಆವೃತ್ತಿಗೂ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಮನೆ ಸೇರುತ್ತಾ ಹೋಗಿ 40ನೇ ಆವೃತ್ತಿಗೆ 177 ಮನೆ ಆಗುತ್ತದೆ. ಯಾವ ಆವೃತ್ತಿ ಎಂಬುದನ್ನು ಸಾಮಾನ್ಯವಾಗಿ ನೀವು ಆರಿಸುವುದಿಲ್ಲ. ಒಳಗೆ ತುಂಬುವ ಮಾಹಿತಿ ಎಷ್ಟಿದೆ ಎಂದು ನೋಡಿ ಕೋಡ್ ತಯಾರಿಸುವ ಸಾಫ್ಟ್‌ವೇರ್ ತಾನೇ ಆರಿಸುತ್ತದೆ. ಹೆಚ್ಚು ತುಂಬಿದರೆ ಹೆಚ್ಚು ಮನೆ. ಜಾಗ ಅಷ್ಟೇ ಇದ್ದರೆ ಪ್ರತಿ ಮನೆಯೂ ಸಣ್ಣದು.

ನನ್ನ ಆ 300 ಬೈಟ್‌ನ ಕೋಡ್ 13ನೇ ಆವೃತ್ತಿಯದು, ಬದಿಗೆ 69 ಮನೆ. 18 ಮಿ.ಮೀ.ಯನ್ನು 69ರಿಂದ ಭಾಗಿಸಿದರೆ ಮನೆಯೊಂದಕ್ಕೆ ಸಿಕ್ಕಿದ್ದು 0.26 ಮಿ.ಮೀ. ಅದೇ ಜಾಗದಲ್ಲಿ 25 ಅಕ್ಷರದ ಒಂದು ಕೊಂಡಿ (ಲಿಂಕ್) ಮಾತ್ರ ಇದ್ದಿದ್ದರೆ 25 ಮನೆ ಸಾಕಿತ್ತು, ಮನೆಯೊಂದಕ್ಕೆ 0.72 ಮಿ.ಮೀ. ಸಿಗುತ್ತಿತ್ತು. ಕ್ಯಾಮೆರಾ ಓದುವುದು ಮನೆಯನ್ನು. ಇಡೀ ಕೋಡಿನ ಅಳತೆ ಅದಕ್ಕೆ ಲೆಕ್ಕವೇ ಅಲ್ಲ.

ಇನ್ನೊಂದು ಮಾತು. ಈ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ರೂಪಿಸಿದ್ದು ವಾಹನದ ಬಿಡಿಭಾಗಗಳ ಲೆಕ್ಕ ಇಡಲು. ಕೆಲಸಕ್ಕೆಂದೇ ಮಾಡಿದ ಸ್ಕ್ಯಾನರ್ ಹಿಡಿದು, ಕೈಯಳತೆಯ ದೂರದಲ್ಲಿ ನಿಂತು ಓದುವವರಿಗಾಗಿ ಹುಟ್ಟಿದ್ದನ್ನು ನಾವು ಇವತ್ತು ಮೂರನೇ ಮಹಡಿಯ ಫಲಕದ ಮೇಲೆ ಏರಿಸಿದ್ದೇವೆ.

ಯಾವುದನ್ನು ತೂಗಿ ನೋಡಬೇಕು

ಮೊದಲನೆಯದು ದೂರ. “ದೂರದ ಹತ್ತನೇ ಒಂದು ಪಾಲು” ಎಂಬ ಸೂತ್ರ ಎಲ್ಲೆಲ್ಲೂ ಓಡಾಡುತ್ತದೆ: 1 ಮೀಟರ್ ದೂರಕ್ಕೆ 10 ಸೆಂ.ಮೀ. ಕೋಡ್, 3 ಮೀಟರಿಗೆ 30. ಈ ಸೂತ್ರ 25ರಿಂದ 29 ಮನೆಯ ಹಗುರ ಕೋಡಿಗೆ ಸರಿ. ಭಾರದ ಕೋಡಿಗೆ ಅದು ಕೈ ಕೊಡುತ್ತದೆ. ಕಾರಣ ಹೀಗೆ: ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾ 1 ಮೀಟರ್ ದೂರದಲ್ಲಿ ಸುಮಾರು 1.4 ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ. ಸ್ಕ್ಯಾನ್ ಮಾಡುವಾಗಿನ ಚಿತ್ರ 1920 ಪಿಕ್ಸೆಲ್ ಅಗಲದ್ದಾದರೆ ಮಿಲಿಮೀಟರಿಗೆ 1.4 ಪಿಕ್ಸೆಲ್ ಸಿಕ್ಕಂತಾಯಿತು. 10 ಸೆಂ.ಮೀ.ಯಲ್ಲಿ 29 ಮನೆ ಇದ್ದರೆ ಮನೆಗೆ ಹತ್ತಿರ ಹತ್ತಿರ 5 ಪಿಕ್ಸೆಲ್; ಆರಾಮ. ಅದೇ 10 ಸೆಂ.ಮೀ.ಯಲ್ಲಿ 57 ಮನೆ ಇದ್ದರೆ ಎರಡೂವರೆ ಪಿಕ್ಸೆಲ್ ಕೂಡ ಇಲ್ಲ. ಕೈ ಸ್ವಲ್ಪ ನಡುಗಿದರೂ ಕಪ್ಪು-ಬಿಳಿ ಕಲಸಿಹೋಗುತ್ತದೆ.

ಹಾಗಾಗಿ ನಾನು ಇಟ್ಟುಕೊಂಡಿರುವ ಲೆಕ್ಕ ಬೇರೆ. ಓದುವ ದೂರವನ್ನು 300ರಿಂದ ಭಾಗಿಸಿ. ಬಂದದ್ದು ಒಂದು ಮನೆಗೆ ಬೇಕಾದ ನೆಮ್ಮದಿಯ ಅಗಲ. 600ರಿಂದ ಭಾಗಿಸಿದರೆ ಬರುವುದು ಕಟ್ಟಕಡೆಯ ಗಡಿ: ಒಳ್ಳೆಯ ಬೆಳಕು, ಒಳ್ಳೆಯ ಫೋನ್, ಚೊಕ್ಕ ಮುದ್ರಣ ಮೂರೂ ಕೂಡಿ ಬಂದರೆ ಓದೀತು. 30 ಸೆಂ.ಮೀ. ದೂರಕ್ಕೆ ನೆಮ್ಮದಿ 1 ಮಿ.ಮೀ., ಗಡಿ 0.5. ಹೀಗೆ ಬಂದ ಮನೆಯ ಅಗಲವನ್ನು ಮನೆಗಳ ಸಂಖ್ಯೆಯಿಂದ ಗುಣಿಸಿದರೆ ಕೋಡಿನ ಅಳತೆ ಸಿಗುತ್ತದೆ.

ಗುಣಿಸುವಾಗ ಸುತ್ತಲಿನ ಬಿಳಿ ಅಂಚನ್ನು ಮರೆಯಬೇಡಿ. ಕೋಡಿನ ನಾಲ್ಕೂ ಬದಿಗೆ ನಾಲ್ಕು ನಾಲ್ಕು ಮನೆಯಷ್ಟು ಖಾಲಿ ಜಾಗ ಬಿಡಬೇಕೆಂದು ಮಾನದಂಡವೇ ಹೇಳುತ್ತದೆ. ಅಂದರೆ 29 ಮನೆಯ ಕೋಡಿಗೆ ಜಾಗ ಬೇಕಾದದ್ದು 37 ಮನೆಗೆ. ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ಈ ಅಂಚಿಗೆ, ಆಮೇಲೆ “ದೊಡ್ಡದಾಗಿಯೇ ಇಟ್ಟಿದ್ದೀನಲ್ಲ, ಯಾಕೆ ಓದ್ತಿಲ್ಲ?” ಎಂಬ ಪ್ರಶ್ನೆ ಬರುತ್ತದೆ. ಅಂಚನ್ನು ತಿಂದು ಕೋಡ್ ದೊಡ್ಡದು ಮಾಡುವುದಕ್ಕಿಂತ ಕೋಡ್ ತುಸು ಚಿಕ್ಕದು ಮಾಡಿ ಅಂಚು ಉಳಿಸುವುದು ಯಾವಾಗಲೂ ಲಾಭ.

ಎರಡನೆಯದು ಒಳಗಿನ ಸರಕು. ಮೂರನೆಯದು ಅಚ್ಚು ಹಾಕುವ ಬಗೆ, ಅಂಟಿಸುವ ಮೇಲ್ಮೈ. ನಾಲ್ಕನೆಯದು ಖರ್ಚು, ಮುಖ್ಯವಾಗಿ ತಪ್ಪಾದರೆ ಮತ್ತೆ ಮಾಡಿಸುವ ಖರ್ಚು. ಇವುಗಳಲ್ಲಿ ದೂರ ನಿಮ್ಮ ಕೈಯಲ್ಲಿಲ್ಲ, ಜಾಗವೂ ಎಷ್ಟೋ ಸಲ ಇಲ್ಲ. ಸರಕು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಅದಕ್ಕೇ ಅಲ್ಲಿಂದ ಶುರು ಮಾಡೋಣ.

ಕೋಡ್ ಹಿಗ್ಗಿಸುವ ಮುಂಚೆ ಸರಕು ತಗ್ಗಿಸಿ

ಜಾಲತಾಣದ ವಿಳಾಸದ ಬಾಲಕ್ಕೆ ಪ್ರಚಾರದ ಲೆಕ್ಕ ಇಡುವ ಯುಟಿಎಂ ತುಣುಕುಗಳೆಲ್ಲ ಅಂಟಿಕೊಂಡರೆ 110 ಅಕ್ಷರ ಆಗುವುದು ಸುಲಭ. ಮಧ್ಯಮ ದೋಷ-ತಿದ್ದುಪಡಿಯಲ್ಲಿ (ಕೆಳಗೆ ಹೇಳುವ ಎಂ ಮಟ್ಟ) ಅದು 7ನೇ ಆವೃತ್ತಿಗೆ ಹೋಗುತ್ತದೆ, 45 ಮನೆ. ಅದನ್ನೇ 25 ಅಕ್ಷರಕ್ಕೆ ಇಳಿಸಿದರೆ 2ನೇ ಆವೃತ್ತಿ, 25 ಮನೆ. ಒಂದು ಮಿಲಿಮೀಟರ್ ಜಾಗವನ್ನೂ ಕೇಳದೆ ಪ್ರತಿ ಮನೆ 1.8 ಪಟ್ಟು ದೊಡ್ಡದಾಯಿತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಹಳ್ಳವಿದೆ. ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕನ್ನಡ’ ಎಂಬ ಪದದಲ್ಲಿ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂದು ಐದು ಸಂಕೇತಗಳು, ಒಟ್ಟು 15 ಬೈಟ್. 1ನೇ ಆವೃತ್ತಿಯ ಗರಿಷ್ಠ ಸಾಮರ್ಥ್ಯವೇ 17 ಬೈಟ್. ಒಂದೇ ಪದಕ್ಕೆ ಪಾತ್ರೆ ಹೆಚ್ಚೂ ಕಡಿಮೆ ತುಂಬಿಹೋಯಿತು. ಕನ್ನಡದ ತಲೆಬರಹವೇ ವಿಳಾಸದ ಭಾಗವಾಗಿರುವ ಪುಟವಾದರೆ ಪರಿಸ್ಥಿತಿ ಇನ್ನೂ ಬಿಗಿ. ವಿಳಾಸವನ್ನು ನಕಲು ಮಾಡಿದಾಗ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆಗಳ ಸಾಲಾಗಿ ಒಂಬತ್ತು ಅಕ್ಷರಕ್ಕೆ ಹಿಗ್ಗುತ್ತದೆ, ‘ಕನ್ನಡ’ ಪದಕ್ಕೇ 45. ಇಂಥ ಪುಟಕ್ಕೆ ಚಿಕ್ಕ ಕೊಂಡಿ ಮಾಡದೆ ಕೋಡ್ ಮಾಡಲೇಬೇಡಿ.

ಚಿಕ್ಕ ಕೊಂಡಿಗೆ ಮೂರು ದಾರಿ. ಕೋಡ್ ತಯಾರಿಸಿಕೊಡುವ ಸೇವೆಗಳ ‘ಡೈನಮಿಕ್’ ಕೋಡ್ ಒಂದು. ಕೊಂಡಿ ಪುಟ್ಟದಾಗಿರುತ್ತದೆ, ಅದು ಎಲ್ಲಿಗೆ ಒಯ್ಯಬೇಕೆಂಬುದನ್ನು ಅಚ್ಚಾದ ಮೇಲೂ ಬದಲಿಸಬಹುದು, ಎಷ್ಟು ಜನ ನೋಡಿದರೆಂಬ ಲೆಕ್ಕ ಸಿಗುತ್ತದೆ. ಆದರೆ ಚಂದಾ ನಿಂತ ದಿನ, ಅಥವಾ ಆ ಸೇವೆಯೇ ಬಾಗಿಲು ಹಾಕಿದ ದಿನ, ನೀವು ಅಚ್ಚು ಹಾಕಿಸಿದ ಅಷ್ಟೂ ಕೋಡುಗಳು ಸುಮ್ಮನೆ ಚಿತ್ತಾರ. ಎರಡನೆಯದು, ಸ್ವಂತ ಡೊಮೇನಿನಲ್ಲಿ ಒಂದು ಚಿಕ್ಕ ವಿಳಾಸ ಮಾಡಿ ಅಲ್ಲಿಂದ ಬೇಕಾದ ಪುಟಕ್ಕೆ ತಿರುಗಿಸುವುದು. ಸ್ವಲ್ಪ ತಾಂತ್ರಿಕ ಕೆಲಸ ಇದೆ, ಬೀಗದ ಕೈ ಮಾತ್ರ ನಿಮ್ಮ ಹತ್ತಿರವೇ ಇರುತ್ತದೆ. ಮೂರನೆಯದು, ಇರುವ ವಿಳಾಸದ ಬಾಲ ಕತ್ತರಿಸಿ ನೇರವಾಗಿ ಇಡುವುದು. ಖರ್ಚಿಲ್ಲ, ಚಂದಾ ಇಲ್ಲ. ತಪ್ಪಾದರೆ ತಿದ್ದುವಂತೆಯೂ ಇಲ್ಲ. ಎರಡು ದಿನದ ಕಾರ್ಯಕ್ರಮದ ಕರಪತ್ರಕ್ಕೆ ಮೂರನೆಯದೇ ಸಾಕು. ಲೋಹದ ಫಲಕಕ್ಕೆ ಕೆತ್ತಿಸುವುದಾದರೆ, ಪುಸ್ತಕದ ಬೆನ್ನಿಗೆ ಹಾಕುವುದಾದರೆ ನಾನು ಎರಡನೆಯದನ್ನು ಬಿಟ್ಟು ಬೇರೆ ಯೋಚಿಸುವುದಿಲ್ಲ.

ಇಂಗ್ಲಿಷ್ ವಿಳಾಸಕ್ಕೆ ಒಂದು ಕಿರು ಉಪಾಯವೂ ಉಂಟು. ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಕೋಡ್ ಅದನ್ನು ಅಕ್ಷರಕ್ಕೆ 8 ಬಿಟ್ ಬದಲು 5.5 ಬಿಟ್‌ನಲ್ಲಿ ಅಡಗಿಸುತ್ತದೆ. 25 ಅಕ್ಷರದ ಕೊಂಡಿ ಅತಿ ಕಡಿಮೆ ತಿದ್ದುಪಡಿಯಲ್ಲಿ ಹೀಗೆ 1ನೇ ಆವೃತ್ತಿಗೇ ಇಳಿಯುತ್ತದೆ. ಡೊಮೇನ್ ಹೆಸರಿಗೆ ದೊಡ್ಡಕ್ಷರ-ಸಣ್ಣಕ್ಷರ ಎರಡೂ ಒಂದೇ. ಓರೆಗೆರೆಯ (/) ನಂತರದ ಭಾಗಕ್ಕೆ ಎಲ್ಲ ಸರ್ವರುಗಳಲ್ಲೂ ಹಾಗಲ್ಲ. ತೆರೆದು ನೋಡಿ ಖಚಿತಪಡಿಸಿಕೊಳ್ಳಿ.

ದೋಷ-ತಿದ್ದುಪಡಿ: ಎಲ್, ಎಂ, ಕ್ಯೂ, ಎಚ್

ಕೋಡಿನ ಒಂದಷ್ಟು ಭಾಗ ಕೊಳೆಯಾದರೂ ಹರಿದರೂ ಓದಲು ಬರಲೆಂದು ಮಾಹಿತಿಯನ್ನು ಹೆಚ್ಚುವರಿಯಾಗಿ ಹೆಣೆದಿರುತ್ತಾರೆ. ಎಲ್ ಮಟ್ಟದಲ್ಲಿ ಸುಮಾರು 7%, ಎಂ 15%, ಕ್ಯೂ 25%, ಎಚ್ 30% ಹಾನಿ ತಡೆಯುತ್ತದೆ. ಹಾಗಾದರೆ ಎಚ್ ಇಟ್ಟುಬಿಡೋಣ ಅನ್ನಿಸುವುದು ಸಹಜ. ಅದಕ್ಕೂ ಮನೆಗಳ ಬೆಲೆ ತೆರಬೇಕು. 40 ಬೈಟ್‌ನ ಕೊಂಡಿಯನ್ನೇ ತೆಗೆದುಕೊಳ್ಳಿ: ಎಲ್‌ನಲ್ಲಿ 29 ಮನೆ, ಎಂನಲ್ಲೂ 29, ಕ್ಯೂಗೆ 33, ಎಚ್‌ಗೆ 37. ಎಲ್‌ನಿಂದ ಎಂಗೆ ಹೋದದ್ದು ಪುಕ್ಕಟೆ. ಎಚ್‌ಗೆ ಹೋದರೆ ಅದೇ ಮನೆ ಅಗಲ ಉಳಿಸಿಕೊಳ್ಳಲು ಕೋಡ್ ಕಾಲು ಭಾಗಕ್ಕಿಂತ ಹೆಚ್ಚು ಹಿಗ್ಗಬೇಕು.

ಒಳಾಂಗಣದ ಕಾಗದಕ್ಕೆ ಎಂ. ಬಿಸಿಲು, ಮಳೆ, ಉಜ್ಜಾಟ ಇರುವ ಕಡೆ ಕ್ಯೂ. ನಡುವೆ ಲೋಗೊ ಕೂರಿಸಲೇಬೇಕೆಂದಿದ್ದರೆ ಎಚ್, ಆಗಲೂ ಲೋಗೊ ಪುಟ್ಟದಿರಲಿ. ಲೋಗೊ ಎಂದರೆ ನೀವೇ ಮಾಡಿದ ಹಾನಿ; ಆಮೇಲೆ ಬೀಳುವ ಗೀರಿಗೆ ಉಳಿಯುವ ರಕ್ಷಣೆ ಅಷ್ಟು ಕಡಿಮೆ. ಸಣ್ಣ ಕೋಡಿನಲ್ಲಿ ಲೋಗೊ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಲೋಗೊ ಪಕ್ಕದಲ್ಲಿದ್ದರೂ ಜನ ನೋಡುತ್ತಾರೆ.

ಚೀಟಿ, ಲೇಬಲ್, ಚಿಕ್ಕ ಪೊಟ್ಟಣ: 1ರಿಂದ 2 ಸೆಂ.ಮೀ.

“ಚಿಕ್ಕದಾದರೆ ಏನಂತೆ, ಫೋನ್ ಹತ್ತಿರ ತರುತ್ತಾರೆ” ಎಂಬ ಸಮಾಧಾನ ಈಗ ಅಷ್ಟು ನಡೆಯುವುದಿಲ್ಲ. ದೊಡ್ಡ ಸಂವೇದಕದ ಕೆಲವು ಹೊಸ ಫೋನುಗಳ ಮುಖ್ಯ ಕ್ಯಾಮೆರಾ 20 ಸೆಂ.ಮೀ.ಗಿಂತ ಹತ್ತಿರದ ವಸ್ತುವಿಗೆ ಫೋಕಸ್ ಆಗುವುದೇ ಇಲ್ಲ. ಹತ್ತಿರ ತಂದಷ್ಟೂ ಮಸುಕು. ಹಾಗಾಗಿ ಎಷ್ಟೇ ಚಿಕ್ಕ ಲೇಬಲ್ ಆದರೂ ಓದುವ ದೂರವನ್ನು 20 ಸೆಂ.ಮೀ. ಎಂದೇ ಹಿಡಿಯಿರಿ. ನೆಮ್ಮದಿಗೆ 0.67 ಮಿ.ಮೀ. ಮನೆ, ಗಡಿ 0.33. 21 ಮನೆಯ ಕೋಡನ್ನು 0.5 ಮಿ.ಮೀ. ಮನೆಯಲ್ಲಿ ಅಚ್ಚು ಹಾಕಿದರೆ ಕೋಡ್ 10.5 ಮಿ.ಮೀ., ಅಂಚು ಸೇರಿ 14.5. ಒಂದೂವರೆ ಸೆಂಟಿಮೀಟರ್ ಚೌಕದಲ್ಲಿ ಕೆಲಸ ಮುಗಿಯಿತು, ಒಳಗೆ ಪುಟ್ಟ ಕೊಂಡಿಯೋ ಕ್ರಮಸಂಖ್ಯೆಯೋ ಮಾತ್ರ ಇದ್ದರೆ.

ಲೇಬಲ್ ಪ್ರಿಂಟರಿನ ಚುಕ್ಕಿ ಲೆಕ್ಕವನ್ನೂ ಇಲ್ಲಿ ನೋಡಬೇಕು. 203 ಡಿಪಿಐ ಥರ್ಮಲ್ ಪ್ರಿಂಟರ್ ಎಂದರೆ ಮಿಲಿಮೀಟರಿಗೆ 8 ಚುಕ್ಕಿ. ಅಂಚು ಸೇರಿ 37 ಮನೆಯ ಕೋಡನ್ನು “ಸರಿಯಾಗಿ 20 ಮಿ.ಮೀ. ಬರಲಿ” ಎಂದು ಕೇಳಿದರೆ ಮನೆಗೆ 4.32 ಚುಕ್ಕಿ ಬರುತ್ತದೆ. ಮೂರನೇ ಒಂದು ಚುಕ್ಕಿಯನ್ನು ಯಾವ ಪ್ರಿಂಟರೂ ಇಡಲಾರದು. ಕೆಲವು ಮನೆ 4, ಕೆಲವು 5 ಆಗಿ ಕೋಡ್ ಸೊಟ್ಟಗಾಗುತ್ತದೆ. ಮನೆಗೆ ಸರಿಯಾಗಿ 4 ಚುಕ್ಕಿ ಎಂದು ಹೇಳಿ 18.5 ಮಿ.ಮೀ.ಗೆ ಇಳಿಸಿದರೆ ಚಿಕ್ಕದಾದ ಕೋಡೇ ಚೆನ್ನಾಗಿ ಓದುತ್ತದೆ. ಮನೆಗೆ ಕನಿಷ್ಠ 4 ಚುಕ್ಕಿ ಇರಲೆಂಬುದು ಡೆನ್ಸೊ ವೇವ್‌ನವರದೇ ಸಲಹೆ. 300 ಡಿಪಿಐ ಪ್ರಿಂಟರಿನಲ್ಲಿ ಅದು 0.34 ಮಿ.ಮೀ. ಆಗುತ್ತದೆ.

ಶಾಯಿ ಹರಡುವ ಕಾಗದ, ಒರಟು ರಟ್ಟಿನ ಪೆಟ್ಟಿಗೆಗೆ ಗಡಿಯ ಅಳತೆ ಬೇಡ. ಶಾಯಿ ಪ್ರತಿ ಅಂಚಿನಿಂದ 0.05 ಮಿ.ಮೀ. ಹರಡಿದರೂ 0.4 ಮಿ.ಮೀ. ಬಿಳಿ ಮನೆ 0.3ಕ್ಕೆ ಕುಗ್ಗುತ್ತದೆ, 1 ಮಿ.ಮೀ. ಮನೆಗೆ ಅದು ಗಾಯವೇ ಅಲ್ಲ. ದುಂಡನೆಯ ಸೀಸೆಯ ಮೇಲೆ ಲೆಕ್ಕ ತಿರುಗುಮುರುಗು: ಅಲ್ಲಿ ದೊಡ್ಡ ಕೋಡೇ ಕೆಡುಕು. 6 ಸೆಂ.ಮೀ. ವ್ಯಾಸದ ಸೀಸೆಗೆ 2.5 ಸೆಂ.ಮೀ. ಕೋಡ್ ಸುತ್ತಿದರೆ ಅಂಚಿನ ಮನೆಗಳು ಕ್ಯಾಮೆರಾಕ್ಕೆ ಸುಮಾರು 9% ಮಾತ್ರ ಕಿರಿದಾಗಿ ಕಾಣುತ್ತವೆ. 5 ಸೆಂ.ಮೀ. ಇಟ್ಟರೆ ಮೂರನೇ ಒಂದು ಪಾಲು ಕಿರಿದಾಗುತ್ತವೆ. ಅಂಥ ಕಡೆ ಕೋಡ್ ಸೀಸೆಯ ತ್ರಿಜ್ಯದೊಳಗೇ ಇರಲಿ, ಸರಕು ಇನ್ನೂ ಹಗುರಾಗಲಿ.

ಮೈಕ್ರೋ ಕ್ಯೂಆರ್ ಎಂಬ ಪುಟಾಣಿ ಬಗೆಯೂ ಇದೆ, 11ರಿಂದ 17 ಮನೆಯದು. ಕಾರ್ಖಾನೆಯೊಳಗೆ ನಿಮ್ಮದೇ ಸ್ಕ್ಯಾನರ್ ಇದ್ದರೆ ಸರಿ. ಫೋನುಗಳ ಮಾಮೂಲಿ ಕ್ಯಾಮೆರಾ ಆ್ಯಪ್ ಅದನ್ನು ಗುರುತಿಸುವುದು ಅಪರೂಪ, ಹಾಗಾಗಿ ಜನಸಾಮಾನ್ಯರಿಗೆ ಬೇಡ.

ವಿಸಿಟಿಂಗ್ ಕಾರ್ಡ್, ಕರಪತ್ರ, ಪುಸ್ತಕದ ಪುಟ: 2ರಿಂದ 3.5 ಸೆಂ.ಮೀ.

ಕೈಯಲ್ಲಿ ಹಿಡಿದು ಓದುವ ವಸ್ತು, ದೂರ 25ರಿಂದ 30 ಸೆಂ.ಮೀ. 25 ಮನೆಯ ಕೋಡಿಗೆ 2ರಿಂದ 2.5 ಸೆಂ.ಮೀ. ಕೊಟ್ಟರೆ ಸೊಗಸಾಗಿ ನಡೆಯುತ್ತದೆ. ಕಾರ್ಡಿನಲ್ಲಿ ಸಂಪರ್ಕದ ವಿವರವನ್ನೇ ಇಡುವುದೋ, ಕೊಂಡಿ ಇಡುವುದೋ ಎಂಬುದೇ ಇಲ್ಲಿನ ನಿಜವಾದ ಆಯ್ಕೆ. ವಿವರವನ್ನೇ ಇಟ್ಟರೆ ಇಂಟರ್ನೆಟ್ ಇಲ್ಲದಿದ್ದರೂ ಹೆಸರು-ನಂಬರು ಫೋನಿಗೆ ಇಳಿಯುತ್ತದೆ, ಯಾವ ಸೇವೆಯ ಹಂಗೂ ಇಲ್ಲ. ಇದು ದೊಡ್ಡ ಅನುಕೂಲ, ಅಲ್ಲಗಳೆಯುವಂತಿಲ್ಲ. ಆದರೆ 200 ಬೈಟ್ ಆದರೂ 57 ಮನೆ ಬೇಕು, 0.5 ಮಿ.ಮೀ. ಮನೆಯಲ್ಲಿ ಅಂಚು ಸೇರಿ 32.5 ಮಿ.ಮೀ. ಕಾರ್ಡಿನ ಎತ್ತರವೇ ಐದು-ಐದೂವರೆ ಸೆಂಟಿಮೀಟರ್ ಇರುವಾಗ ಹಿಂಬದಿಯನ್ನು ಪೂರ್ತಿ ಕೋಡಿಗೇ ಬಿಟ್ಟುಕೊಡಬೇಕಾಗುತ್ತದೆ. ಹಿಂಬದಿ ಖಾಲಿ ಇದ್ದರೆ ಬಿಟ್ಟುಕೊಡಿ. ಇಲ್ಲವಾದರೆ ಒಳಗೆ ಹೆಸರು, ಒಂದು ನಂಬರು, ಒಂದು ಇಮೇಲ್ ಮಾತ್ರ ಉಳಿಸಿ, ವಿಳಾಸ ತೆಗೆದುಬಿಡಿ. ಕಾರ್ಡಿನ ಮೇಲೆ ಅಕ್ಷರದಲ್ಲಿ ಅದು ಇದ್ದೇ ಇದೆಯಲ್ಲ.

ಕರಪತ್ರಕ್ಕೆ, ಮೇಜಿನ ಮೇಲೆ ನಿಲ್ಲಿಸುವ ಫಲಕಕ್ಕೆ 3ರಿಂದ 4 ಸೆಂ.ಮೀ. ಕೊಡಿ. ಮೇಜಿನ ಆಚೆ ಕೂತವರೂ ಎದ್ದು ಬರದೆ ಸ್ಕ್ಯಾನ್ ಮಾಡಬೇಕೆಂದಿದ್ದರೆ ದೂರ 60 ಸೆಂ.ಮೀ. ಆಗುತ್ತದೆ, 5 ಸೆಂ.ಮೀ. ಬೇಕು. ಹೊಳೆಯುವ ಲ್ಯಾಮಿನೇಷನ್ ಬೇಡ, ಮ್ಯಾಟ್ ಇರಲಿ. ದೀಪದ ಪ್ರತಿಫಲನ ಕೋಡಿನ ಒಂದು ಮೂಲೆಯ ದೊಡ್ಡ ಚೌಕದ ಮೇಲೆ ಬಿದ್ದರೆ ಯಾವ ಅಳತೆಯೂ ಕಾಪಾಡದು. ಆ ಮೂರು ಮೂಲೆಯ ಚೌಕಗಳಿಂದಲೇ ಕ್ಯಾಮೆರಾ ಕೋಡನ್ನು ಪತ್ತೆ ಹಚ್ಚುವುದು.

ಪೋಸ್ಟರ್, ಬ್ಯಾನರ್, ಹೋರ್ಡಿಂಗ್

ಗೋಡೆಯ ಪೋಸ್ಟರಿಗೆ ಜನ 1ರಿಂದ 1.5 ಮೀಟರ್ ದೂರದಲ್ಲಿ ನಿಲ್ಲುತ್ತಾರೆ. 25 ಮನೆಯ ಕೋಡಿಗೆ 8ರಿಂದ 12 ಸೆಂ.ಮೀ. ನೆಮ್ಮದಿ, ಜಾಗ ಇಲ್ಲವೆಂದರೆ 6 ಸೆಂ.ಮೀ.ವರೆಗೆ ಇಳಿಯಬಹುದು. ಅದೇ 45 ಮನೆಯ ಕೋಡಾದರೆ 15ರಿಂದ 22 ಸೆಂ.ಮೀ. ಬೇಕು. ಎ3 ಹಾಳೆಯ ಅಗಲವೇ 29.7 ಸೆಂ.ಮೀ. ಎಂಬುದನ್ನು ನೆನೆದರೆ ಬಾಲ ಕತ್ತರಿಸದ ಕೊಂಡಿ ಎಷ್ಟು ದುಬಾರಿ ಎಂದು ತಿಳಿಯುತ್ತದೆ.

ಪೋಸ್ಟರಿನಲ್ಲಿ ಅಳತೆಗಿಂತ ಎತ್ತರ ಕೆಡಿಸುವುದೇ ಹೆಚ್ಚು. ತಲೆಯ ಮೇಲೆ 45 ಡಿಗ್ರಿ ಕೋನದಲ್ಲಿರುವ ಕೋಡಿನ ಎತ್ತರ ಕ್ಯಾಮೆರಾಕ್ಕೆ 70% ಮಾತ್ರ ಕಾಣುತ್ತದೆ. ಎದೆಯಿಂದ ಕಣ್ಣಿನ ಮಟ್ಟದೊಳಗೆ ಇಟ್ಟರೆ 8 ಸೆಂ.ಮೀ. ಸಾಕಾಗುವಲ್ಲಿ, ಮೇಲೇರಿಸಿದರೆ 12 ಬೇಕು. ವಿನ್ಯಾಸದಲ್ಲಿ ಕೋಡನ್ನು ಕೆಳಮೂಲೆಗೆ ತಳ್ಳುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು. ಮುಂದೆ ಕುರ್ಚಿಯೋ ಮೇಜೋ ಬಂದರೆ ಮುಗಿಯಿತು.

ಹೋರ್ಡಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಜನ ನಿಂತು ನೋಡುವ ಜಾಗವಾದರೆ ಹಾಕಿ, ಇಲ್ಲವಾದರೆ ಬೇಡ. 15 ಮೀಟರ್ ದೂರಕ್ಕೆ ಒಂದು ಮನೆ 5 ಸೆಂ.ಮೀ., 25 ಮನೆಯ ಕೋಡ್ 1.25 ಮೀಟರ್, ಅಂಚು ಸೇರಿ 1.65 ಮೀಟರ್ ಚೌಕ. ಕಾಯುವ ಜನರಿರುವ ರೈಲು ಪ್ಲಾಟ್‌ಫಾರ್ಮಿನ ಎದುರಿಗೆ ಇದು ಸಾರ್ಥಕ. ವಾಹನ ಓಡಿಸುತ್ತಿರುವವರಿಗೆ ತೋರಿಸುವ ಕೋಡ್ ಓದಿದರೂ ಅಪಾಯ, ಓದದಿದ್ದರೂ ವ್ಯರ್ಥ. ಅಲ್ಲಿ ನೆನಪಿನಲ್ಲಿ ಉಳಿಯುವ ಚಿಕ್ಕ ಹೆಸರೊಂದನ್ನು ದೊಡ್ಡಕ್ಷರದಲ್ಲಿ ಬರೆಯಿಸಿ.

ಪರದೆಯ ಮೇಲೆ

ಪರದೆಯಲ್ಲಿ ಮಿಲಿಮೀಟರ್ ಬದಲು ಪಿಕ್ಸೆಲ್ ಬಂತು, ತತ್ವ ಅದೇ. ಕಂಪ್ಯೂಟರಿನಲ್ಲಿ ತೋರಿಸುವ ಕೋಡಿಗೆ ಮನೆಗೆ 4 ಪಿಕ್ಸೆಲ್ ಕೊಟ್ಟರೆ ಸಾಮಾನ್ಯ ಪರದೆಯಲ್ಲಿ ಸುಮಾರು 1 ಮಿ.ಮೀ. ಆಗುತ್ತದೆ. 29 ಮನೆಯ ಕೋಡಿಗೆ ಅಂಚು ಸೇರಿ 148 ಪಿಕ್ಸೆಲ್, 57 ಮನೆಯದಕ್ಕೆ 260. ಮನೆಗೆ ಪೂರ್ಣಸಂಖ್ಯೆಯ ಪಿಕ್ಸೆಲ್ ಇರಲಿ. 148ರ ಚಿತ್ರವನ್ನು 170ಕ್ಕೆ ಎಳೆದರೆ ಅಂಚುಗಳೆಲ್ಲ ಬೂದು ಬಣ್ಣಕ್ಕೆ ತಿರುಗುತ್ತವೆ. ಎಸ್‌ವಿಜಿ ಬಗೆಯ ಚಿತ್ರಕಡತ ಬಳಸಿದರೆ ಹಿಗ್ಗಿಸಿದಾಗ ಚಿತ್ರ ಒಡೆಯುವ ಭಯವಿಲ್ಲ, ಇಲ್ಲವಾದರೆ ಪಿಎನ್‌ಜಿ. ಜೆಪೆಗ್ ಬೇಡ, ಅದು ಅಂಚುಗಳ ಸುತ್ತ ಕೊಳೆ ಬಿಡುತ್ತದೆ. ಮುದ್ರಣಕ್ಕೂ ಇದೇ ಮಾತು: ಪ್ರೆಸ್ಸಿಗೆ ಎಸ್‌ವಿಜಿಯೋ ಪಿಡಿಎಫ್ಫೋ ಕಳಿಸಿ, ಸ್ಕ್ರೀನ್‌ಶಾಟ್ ಕಳಿಸಬೇಡಿ.

ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಇಮೇಲಿನಲ್ಲಿ ಹೋದರೆ ಡಾರ್ಕ್ ಮೋಡ್ ಇರುವವರಿಗೆ ಕಪ್ಪಿನ ಮೇಲೆ ಕಪ್ಪು. ಬಿಳಿ ಹಿನ್ನೆಲೆಯನ್ನು ಅಂಚು ಸಮೇತ ಚಿತ್ರದೊಳಗೇ ಸೇರಿಸಿ. ಬಣ್ಣ ತಿರುಗಿಸಿ ಕಪ್ಪಿನ ಮೇಲೆ ಬಿಳಿ ಕೋಡ್ ಮಾಡುವ ಶೋಕಿಯೂ ಬೇಡ, ಎಲ್ಲ ಫೋನುಗಳೂ ಅದನ್ನು ಓದುವುದಿಲ್ಲ.

ಫೋನಿನಲ್ಲೇ ನೋಡುವ ಪುಟಕ್ಕೆ ಕೋಡ್ ಹಾಕಿದರೆ ಅದನ್ನು ಯಾವ ಫೋನಿನಿಂದ ಸ್ಕ್ಯಾನ್ ಮಾಡುವುದು? ಅಲ್ಲಿ ಅಳತೆಯ ಪ್ರಶ್ನೆಯೇ ಇಲ್ಲ, ಒತ್ತಿದರೆ ತೆರೆಯುವ ಕೊಂಡಿ ಕೊಡಿ.

ಸಭಾಂಗಣದ ಸ್ಲೈಡಿನಲ್ಲಿ ಲೆಕ್ಕ ಹಾಕಿದವರೆಲ್ಲ ಬೆಚ್ಚುತ್ತಾರೆ. ಪರದೆ 2 ಮೀಟರ್ ಅಗಲ, ಕೊನೆಯ ಸಾಲು 10 ಮೀಟರ್ ದೂರ ಅಂದುಕೊಳ್ಳಿ. ನೆಮ್ಮದಿಗೆ ಮನೆ 3.3 ಸೆಂ.ಮೀ., 29 ಮನೆಗೆ 97 ಸೆಂ.ಮೀ. ಪರದೆಯ ಎತ್ತರವೇ 1.12 ಮೀಟರ್! ಅಂಚು ಸೇರಿಸಿದರೆ ಹಿಡಿಸುವುದೂ ಇಲ್ಲ. ಗಡಿಯ ಲೆಕ್ಕಕ್ಕೆ ಇಳಿದರೂ ಅರ್ಧ ಪರದೆ ಬೇಕು. ಆದ್ದರಿಂದ ಕೋಡಿಗೇ ಒಂದು ಸ್ಲೈಡ್ ಮೀಸಲಿಡಿ, ಕೊಂಡಿಯನ್ನು 21ರಿಂದ 25 ಮನೆಗೆ ಇಳಿಸಿ, ಜನ ಫೋನ್ ತೆಗೆದು ಹಿಡಿಯುವವರೆಗೆ ಇಪ್ಪತ್ತು ಸೆಕೆಂಡಾದರೂ ಮುಂದೆ ಹೋಗಬೇಡಿ. ಧನ್ಯವಾದದ ಸ್ಲೈಡಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕೋಡ್ ಇಟ್ಟವರನ್ನು ನೋಡಿದ್ದೇನೆ. ಮೊದಲ ಸಾಲಿನವರು ಮಾತ್ರ ಎದ್ದು ಹೋಗಿ ಸ್ಕ್ಯಾನ್ ಮಾಡಿದರು. ವಿಡಿಯೊ ಕರೆಯಲ್ಲಿ ಪರದೆ ಹಂಚುವಾಗ ಚಿತ್ರ ಒತ್ತಿ ಕುಗ್ಗುವುದರಿಂದ ಮನೆಗೆ 6 ಪಿಕ್ಸೆಲ್ಲಾದರೂ ಕೊಡಿ, ಕೊಂಡಿಯನ್ನು ಚಾಟಿನಲ್ಲೂ ಹಾಕಿ.

ಅಚ್ಚಿಗೆ ಕೊಡುವ ಮುಂಚಿನ ಪರೀಕ್ಷೆ

ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದ್ದು ಪರೀಕ್ಷೆಯಲ್ಲ; ನನ್ನ 500 ಕಾರ್ಡುಗಳು ಆ ಪರೀಕ್ಷೆಯಲ್ಲಿ ಪಾಸಾಗಿದ್ದವು. ಚಿಕ್ಕ ವಸ್ತುವಾದರೆ ನಿಜ ಅಳತೆಯಲ್ಲೇ, ‘ಹಾಳೆಗೆ ಹೊಂದಿಸು’ ಎಂಬ ಗುರುತು ತೆಗೆದು, 100% ಎಂದೇ ಪ್ರಿಂಟ್ ತೆಗೆಯಿರಿ. ಮನೆಯಲ್ಲಿರುವ ಅತ್ಯಂತ ಹಳೆಯ ಫೋನ್ ಹುಡುಕಿ. ಸಂಜೆಯ ಮಂದ ಬೆಳಕಿನಲ್ಲಿ, ಅಂದುಕೊಂಡದ್ದಕ್ಕಿಂತ ಒಂದೂವರೆ ಪಟ್ಟು ದೂರದಿಂದ ಹಿಡಿಯಿರಿ. ಎರಡು ಸೆಕೆಂಡಿನೊಳಗೆ ತೆರೆದರೆ ಅಚ್ಚಿಗೆ ಕೊಡಿ.

ದೊಡ್ಡ ಫಲಕಕ್ಕೆ ಹಾಗೆ ಪ್ರಿಂಟ್ ತೆಗೆಯಲು ಆಗುವುದಿಲ್ಲ, ತಪ್ಪಾದರೆ ಖರ್ಚೂ ದೊಡ್ಡದು. ಅದಕ್ಕೊಂದು ಅಗ್ಗದ ದಾರಿ ಇದೆ. ಅಳತೆಯನ್ನೂ ದೂರವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿದರೆ ಕ್ಯಾಮೆರಾಕ್ಕೆ ಕಾಣುವ ಚಿತ್ರ ಬದಲಾಗುವುದಿಲ್ಲ. 15 ಮೀಟರಿನಿಂದ ನೋಡುವ 1.25 ಮೀಟರ್ ಕೋಡನ್ನು 12.5 ಸೆಂ.ಮೀ.ಗೆ ಇಳಿಸಿ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, 1.5 ಮೀಟರ್ ದೂರ ನಿಂತು ಫೋನ್ ಎತ್ತಿ. ಫಲಕ ಎತ್ತರದಲ್ಲಿ ಬರುವುದಾದರೆ ಹಾಳೆಯನ್ನೂ ಅದೇ ಕೋನ ಬರುವ ಹಾಗೆ ಮೇಲೆ ಅಂಟಿಸಿ. ಇಲ್ಲಿ ಓದದ ಕೋಡ್ ಅಲ್ಲಿಯೂ ಓದದು. ಆಗ ಫಲಕ ದೊಡ್ಡದು ಮಾಡುವ ಮಾತಿಗೆ ಮುಂಚೆ ಕೊಂಡಿಯಲ್ಲಿ ಇನ್ನೂ ಎಷ್ಟು ಅಕ್ಷರ ಕಳೆಯಬಹುದು ಎಂದು ಎಣಿಸಿ ನೋಡಿ.